ಹ್ಯಾನಾಳ ಊರಿನ ಮೇಲೆ ಬಿದ್ದ ಮಸಿ

ಆ ಶನಿವಾರ ಬೆಳಿಗ್ಗೆ ಮಂಜು ಗುಡ್ಡದಿಂದ ಇಳಿದು ಬಂದು ನಮ್ಮೂರು ಥಾರ್ನ್‌ಗಿಲ್ಲಿನ ಹೊಗೆಗೂಡುಗಳ ಮೇಲೆ ಕೂತುಬಿಟ್ಟಿತ್ತು. ಕುರಿಗಳು ಕಾಣುತ್ತಿರಲಿಲ್ಲ, ಅವುಗಳ ಕೆಮ್ಮು ಮಾತ್ರ ಕೇಳುತ್ತಿತ್ತು. ಕ್ಯಾಲೆಂಡರು ಜೂನ್ ತಿಂಗಳು ಅನ್ನುತ್ತಿತ್ತು; ಆದರೆ ನಮ್ಮ ಕಣಿವೆ ಕ್ಯಾಲೆಂಡರಿನ ಮಾತು ಕೇಳುವುದು ಮೊದಲಿನಿಂದಲೂ ಕಡಿಮೆ. ದೇವರು ಕೆಲವು ದಿನ ಹನ್ನೆರಡು ಮೈಲಿ ದೂರದ ಬೆಟ್ಟವನ್ನೂ ತೋರಿಸುತ್ತಾನೆ. ಕೆಲವು ದಿನ ಅಂಗಳದ ಗೇಟಿನ ತನಕ ತೋರಿಸಿ, ಇವತ್ತಿಗೆ ನಿನಗೆ ಇಷ್ಟು ಸಾಕು ಅನ್ನುತ್ತಾನೆ.

ಇಷ್ಟು ಸಾಲದು ಎಂದು ನಾರ್ಮನ್ ಅಡಿಗೆಮನೆಯ ಕಿಟಕಿಗಾಜಿಗೆ ಒಂದು ಕಾಗದ ಒತ್ತಿ ಹಿಡಿದು, ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದ.

ನಾರ್ಮನ್ನನಿಗೆ ಅರವತ್ತಾರು. ಮೂವತ್ತೊಂದು ವರ್ಷ ಕಣಿವೆಯ ಬಸ್ಸು ಓಡಿಸಿ ನಿವೃತ್ತನಾದವನು. ಇಂಥದೇ ಮಂಜಿನಲ್ಲಿ ಹದಿನಾಲ್ಕು ತಿರುವುಗಳನ್ನು ಬರೀ ಅಂದಾಜಿನ ಮೇಲೆ ದಾಟಿಸಿದ್ದ ಆ ಮನುಷ್ಯನಿಗೆ ಈ ಕಾಗದದ ಮೇಲಿನ ಬಟಾಣಿ ಕಾಳಿನಷ್ಟು ಮಸಿಯನ್ನು ದಾಟಲಾಗಿರಲಿಲ್ಲ.

ಅದು 1861ನೇ ಇಸವಿಯ ಜನಗಣತಿಯ ಒಂದು ಪುಟ. ಪೇಟೆಯ ಲೈಬ್ರರಿಯಲ್ಲಿ ಹಳೆಯ ಗಣತಿ ಪುಸ್ತಕಗಳ ಫಿಲ್ಮು ಇದೆ; ಅದರಿಂದ ಗುರುವಾರ ನಕಲು ತೆಗೆಸಿಕೊಂಡು ಬಂದಿದ್ದ. ನಡುವಿನ ಒಂದು ಸಾಲಿನಲ್ಲಿ ಮುತ್ತು ಪೋಣಿಸಿದಂತೆ ಬರೆದಿತ್ತು: ಹ್ಯಾನಾ ಟ್ವೆಡಲ್, ವಿಧವೆ, ವಯಸ್ಸು ಇಪ್ಪತ್ತನಾಲ್ಕು. ಅದರ ಕೆಳಗೆ, ಮಗ, ಎರಡು ವರ್ಷ. ಕೊನೆಯ ಕಲಮು ಹುಟ್ಟಿದ ಊರಿನದು. ಹ್ಯಾನಾಳ ಊರು ಇರಬೇಕಾದ ಜಾಗದಲ್ಲಿ ಮಸಿ. ಎಡಕ್ಕೆ ಅಕ್ಷರದ ಒಂದು ಕಡ್ಡಿ ಇಣುಕುತ್ತಿತ್ತು, ಬಲಕ್ಕೆ ಒಂದು ಕೊಂಡಿ. ಮಗನ ಊರಿಗೆ ಎರಡು ಸಣ್ಣ ಗೆರೆ, ‘ಮೇಲಿನಂತೆ’ ಎಂದು. ಮೇಲೆ ಮಸಿ, ಕೆಳಗೆ ಮೇಲಿನಂತೆ. ಬರೆದವನು ಎಂಥ ಪುಣ್ಯಾತ್ಮ.

"ಏನಾದ್ರೂ ಕಾಣ್ತೇನೋ?" ಒಲೆಯ ಪಕ್ಕದ ಕುರ್ಚಿಯಿಂದ ಅವನ ತಾಯಿ ಎಡ್ನಾ ಕೇಳಿದಳು. ಅವಳಿಗೆ ತೊಂಬತ್ತೊಂದು.

"ಕಾಣ್ತಾ ಇದೆ ಅಮ್ಮ. ಒಂದು ಆಮೆ ಥರ ಇದೆ."

"ಆಮೆ ಅನ್ನೋ ಊರಿದೆಯೇನೋ?"

"ಇಲ್ಲಮ್ಮ."

"ಹಾಗಾದ್ರೆ ಸರಿಯಾಗಿ ನೋಡು."

ಇದರ ಹಿಂದಿನ ಕತೆ ಇಷ್ಟು. ಮರುದಿನ ಭಾನುವಾರ ನಮ್ಮ ಸಣ್ಣ ಚರ್ಚಾದ ಚಾಪೆಲ್ಲಿನ ವಾರ್ಷಿಕ ಪ್ರಾರ್ಥನೆ. ಅವತ್ತು ಒಂದೊಂದು ಮನೆತನದ ಹಿರಿಯರು ಎದ್ದು ನಿಂತು ಮನೆತನದ ಹೆಸರನ್ನೂ, ಅದರ ಮೊದಲ ಮನುಷ್ಯ ಯಾವ ಊರಿಂದ ಈ ಕಣಿವೆಗೆ ಬಂದ ಎಂಬುದನ್ನೂ ಹೇಳುವುದು ಪದ್ಧತಿ. ಸೀಸದ ಗಣಿಗಾಗಿ ನಾಲ್ಕು ದಿಕ್ಕಿನಿಂದ ಬಂದ ಜನ ನಾವು. ಮರೆಯದಿರಲಿ ಎಂದು ಹಿಂದಿನವರು ಮಾಡಿದ ಏರ್ಪಾಡು. ಹ್ಯಾನಾಳ ಆ ಎರಡು ವರ್ಷದ ಮಗನೇ ಎಡ್ನಾಳ ತಂದೆ; ಆ ಮನೆತನಕ್ಕೆ ಉಳಿದ ಕೊನೆಯವಳು ಅವಳು. ಅರವತ್ತು ವರ್ಷದಿಂದ ಅವಳು ಎದ್ದು ನಿಂತು "ಟ್ವೆಡಲ್" ಎಂದಷ್ಟೇ ಹೇಳಿ, ಊರು ಹೇಳದೆ ಕೂತುಬಿಡುತ್ತಿದ್ದಳು. ಆಗ ಹುಟ್ಟುವ ಮೌನದಲ್ಲಿ ಯಾರಾದರೊಬ್ಬರು ಕೆಮ್ಮುತ್ತಿದ್ದರು. ಆ ಕೆಮ್ಮು ಅರವತ್ತು ವರ್ಷವೂ ಅವಳ ಬೆನ್ನಿಗೆ ಬಿದ್ದಿತ್ತು. ನಮ್ಮ ಕಣಿವೆಯಲ್ಲಿ ನೂರ ಮೂವತ್ತು ವರ್ಷ ಬಾಳಿದರೂ ಎಲ್ಲಿಂದ ಬಂದೆವೆಂದು ಹೇಳಲಾಗದವರು ಹೊರಗಿನವರೇ.

ಫೆಬ್ರುವರಿಯಲ್ಲಿ ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು ಕೇಳಿ, ಏನೂ ಹೇಳದೆ ಕೊಳವೆ ಮಡಿಚಿಟ್ಟರು. ಅವತ್ತು ಸಂಜೆ ಅವಳು ಮಗನಿಗೆ ಹೇಳಿದಳು: "ಈ ಸಲ ಊರು ಹೇಳಿ ಕೂರ್ತೀನಿ ಕಣೋ. ಮುಂದಿನ ಸಲದ ಮಾತು ನಂಗೊತ್ತಿಲ್ಲ." ನಾರ್ಮನ್ ಮಾತು ಕೊಟ್ಟ. ಪ್ರಾರ್ಥನೆಯ ಹಿಂದಿನ ದಿನ, ಸಂಜೆ ಟೀ ಹೊತ್ತಿಗೆ, ಊರಿನ ಹೆಸರು ತಂದು ಕೊಡುತ್ತೇನೆ ಎಂದು.

"ಆಮೇಲಿನ ಗಣತಿಲಿ ಇಲ್ವೇನೋ?" ಎಂದಳು ಎಡ್ನಾ.

"ಮೂರು ಗಣತಿ ನೋಡ್ದೆ. ಮೂರರಲ್ಲೂ ನಿನ್ನಜ್ಜಿ ಹುಟ್ಟಿದ್ದು ಥಾರ್ನ್‌ಗಿಲ್ ಅಂತಿದೆ."

"ಸುಳ್ಳು. ಎರಡು ವರ್ಷದ ಮಗೂನ ಬೆನ್ನಿಗೆ ಕಟ್ಕೊಂಡು ನಡ್ಕೊಂಡು ಬಂದೋಳು ಅವಳು. ನಾನೇ ಕೇಳಿದ್ದೆ, ಎಂಟು ವರ್ಷದವಳಿದ್ದಾಗ. ರೊಟ್ಟಿ ಹಿಟ್ಟು ನಾದ್ತಾ ಇದ್ಲು. ‘ಅಜ್ಜಿ, ನಿನ್ನೂರು ಯಾವುದು?’ ಅಂದೆ. ಹಿಟ್ಟಿನ ಕೈಲೇ ಎದ್ದು ಹೋಗಿ ಬಾಗಿಲಿಗೆ ಅಗಳಿ ಹಾಕ್ಕೊಂಡು ಬಂದ್ಲು. ಬಾಯಿ ಬಿಡಲಿಲ್ಲ."

ನಾರ್ಮನ್ ಕಾಗದ ಮಡಿಚಿ ಜೇಬಿಗಿಟ್ಟುಕೊಂಡು, ಟೋಪಿ ಹಾಕಿಕೊಂಡು, ಮಂಜಿನೊಳಕ್ಕೆ ಇಳಿದ.

*

ಊರಿನಲ್ಲಿ ಒಬ್ಬರಿಗೆ ಕಾಗದ ತೋರಿಸಿದರೆ ಊರಿಗೆಲ್ಲ ತೋರಿಸಿದಂತೆ. ಮೊದಲು ತೋರಿಸಿದ್ದು ಅಂಚೆಕಚೇರಿಯ ಬೆರಿಲ್ ನ್ಯಾಟ್ರಸ್‌ಗೆ. ಕಾಗದಗಳ ಮೇಲಿನ ಕೆಟ್ಟ ಅಕ್ಷರ ಓದುವುದರಲ್ಲಿ ಅವಳನ್ನು ಮೀರಿಸುವವರು ಇಲ್ಲ. ಲಕೋಟೆಯೊಳಗಿನದನ್ನೂ ಓದುತ್ತಾಳೆಂಬ ಮಾತಿತ್ತು.

ಅವಳು ಕನ್ನಡಕ ಹಣೆಗೇರಿಸಿ ಒಂದು ನಿಮಿಷ ನೋಡಿ, "ವಿಟ್ಬಿ," ಎಂದಳು.

"ಹೇಗೆ ಹೇಳ್ತೀಯ?"

"ಕಡ್ಡಿ ಇದೆ, ಕೊಂಡಿ ಇದೆ. ಸಮುದ್ರದ ವಾಸನೆನೂ ಇದೆ. ವಿಟ್ಬಿನೇ." ಬೆರಿಲ್ ಹುಟ್ಟಿದ್ದು ವಿಟ್ಬಿಯಲ್ಲಿ.

ಪಕ್ಕದ ಮಾಂಸದಂಗಡಿಯ ಕ್ಲೆಮ್ ಪೀಯರ್ಟ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದು ಕಾಗದ ಕಿತ್ತುಕೊಂಡ. "ವಿಟ್ಬಿಯಂತೆ! ಕಣ್ಣೋ ಗುಂಡಿಯೋ ಬೆರಿಲ್ ನಿಂದು? ಇದು ಆಲ್‌ಸ್ಟನ್. ಮಗುಗೂ ಗೊತ್ತಾಗುತ್ತೆ." ಕ್ಲೆಮ್‌ನ ತಾಯಿ ಆಲ್‌ಸ್ಟನ್‌ನವಳು.

"ಆಲ್‌ಸ್ಟನ್ ಆಗಿದ್ರೆ ಇಷ್ಟು ಉದ್ದ ಯಾಕಪ್ಪಾ ಇದೆ?"

"ಬರೆದೋನು ನಿಧಾನಕ್ಕೆ ಬರ್ದಿದಾನೆ!"

ಆ ಹೊತ್ತಿಗೆ ಪಾದ್ರಿ ಹಂಫ್ರಿಯವರು ಅಂಚೆಚೀಟಿಗೆ ಬಂದರು. ಕಾರ್ನ್‌ವಾಲ್ ಕಡೆಯವರು, ಬಹಳ ಮೆದು ಮನುಷ್ಯ. ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರ ಕಣ್ಣು ತೇವವಾಯಿತು. "ನಾರ್ಮನ್, ಇಲ್ಲಿ ಸ್ಪಷ್ಟವಾಗಿ ಕಾಣ್ತಾ ಇದೆಯಲ್ಲಪ್ಪ. ಕ್ಯಾಂಬೋರ್ನ್. ನಮ್ಮ ಕಡೆ ಹುಡುಗಿ!"

"ಪಾದ್ರಿಗಳೇ," ಎಂದ ನಾರ್ಮನ್ ಸಂಕೋಚದಿಂದ, "ನೀವು ನೋಡ್ತಿರೋದು ಕ್ಲೆಮ್‌ನ ಹೆಬ್ಬೆಟ್ಟು. ಕುರಿ ರಕ್ತ. ಮಸಿ ಅದರ ಕೆಳಗಿದೆ."

ಹೀಗೆ ಮಸಿಯೊಳಗೆ ಎಲ್ಲರೂ ತಂತಮ್ಮ ತವರನ್ನು ಕಂಡರು. ಹತ್ತು ಗಂಟೆಯ ಹೊತ್ತಿಗೆ ಹ್ಯಾನಾ ಏಳು ಊರುಗಳಲ್ಲಿ ಹುಟ್ಟಿದ್ದಳು. ಮನುಷ್ಯ ತನ್ನ ಊರನ್ನು ಎಷ್ಟು ಪ್ರೀತಿಸುತ್ತಾನೆ ಎಂದು ತಿಳಿಯಬೇಕಾದರೆ ಅವನಿಗೊಂದು ಮಸಿಯ ಕಲೆ ತೋರಿಸಬೇಕು.

ಏಳು ಊರು ಹೊತ್ತುಕೊಂಡು ನಾರ್ಮನ್ ಚಾಪೆಲ್ಲಿಗೆ ಬಂದ. ನಾಳೆಯ ಟೀಗಾಗಿ ಹೆಂಗಸರು ಕಪ್ಪು ತೊಳೆಯುತ್ತಿದ್ದರು. ಒಳಗೆ ಮಿಸ್ ವಿನಿಫ್ರೆಡ್ ಫೆದರ್‌ಸ್ಟನ್ ಆರ್ಗನ್ ನುಡಿಸಿ ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಬೆರಿಲ್ ಮತ್ತು ಕ್ಲೆಮ್ ಅವನ ಹಿಂದೆಯೇ ವಾದಿಸುತ್ತ ಬಂದಿದ್ದರು. ವಿಟ್ಬಿ, ಆಲ್‌ಸ್ಟನ್, ವಿಟ್ಬಿ, ಆಲ್‌ಸ್ಟನ್. ಬೆಳಗಿನಿಂದ ಬಿಗಿಹಿಡಿದಿದ್ದ ನಾರ್ಮನ್ನನ ಸಹನೆಯ ಬ್ರೇಕು ಅಲ್ಲಿ ಫೇಲಾಯಿತು.

"ಓದೋರದ್ದಲ್ಲ ತಪ್ಪು, ಬರೆದೋನದ್ದು!" ಎಂದು ಕೂಗಿದ. "ಊರೆಲ್ಲ ಎಣಿಸೋಕೆ ಕಳಿಸಿದ್ರೆ ಪುಸ್ತಕದ ತುಂಬ ಮಸಿ ಚೆಲ್ಕೊಂಡು ಕೂತಿದಾನಲ್ಲ, ಕುಡುಕ! ಮನೆಮನೆಲೂ ಒಂದೊಂದು ಗ್ಲಾಸ್ ಏರಿಸ್ಕೊಂಡು ಹೋಗಿರ್ಬೇಕು ಆ ಗಣತಿದಾರ!"

"ನಿಜ ನಿಜ, ಕೈ ನಡುಗಿದೆ," ಎಂದಳು ಬೆರಿಲ್.

"ನಡುಗಿದ್ದಲ್ಲ, ಕವುಚಿ ಬಿದ್ದಿದಾನೆ," ಎಂದ ಕ್ಲೆಮ್. ಎಲ್ಲರೂ ನಕ್ಕರು.

ಆರ್ಗನ್ ಹಾಡಿನ ಸಾಲಿನ ನಡುವೆಯೇ ನಿಂತಿತು.

ಮಿಸ್ ವಿನಿಫ್ರೆಡ್‌ಗೆ ಎಂಬತ್ತೆರಡು. ಊರಿನ ಅರ್ಧ ಜನಕ್ಕೆ ಭಾನುವಾರದ ಶಾಲೆಯಲ್ಲಿ ಪಾಠ ಹೇಳಿದವರು. ಅವರು ಬಾಗಿಲಲ್ಲಿ ಕಂಡರೆ ಅರವತ್ತು ದಾಟಿದ ಗಂಡಸರೂ ಜೇಬಿನಿಂದ ಕೈ ತೆಗೆಯುತ್ತಿದ್ದರು. ಈಗಲೂ ತೆಗೆದರು.

"1861ರಲ್ಲಿ ಈ ಊರಿನ ಗಣತಿ ಬರೆದದ್ದು ಶಾಲೆಯ ಮೇಷ್ಟ್ರು ಐಸಾಕ್ ಫೆದರ್‌ಸ್ಟನ್," ಎಂದರು ಅವರು. "ನನ್ನ ಅಜ್ಜ. ಹದಿನೇಳನೇ ವಯಸ್ಸಿಗೆ ಕುಡಿಯೋದಿಲ್ಲ ಅಂತ ಪ್ರತಿಜ್ಞೆ ಮಾಡಿದವರು. ಸಾಯೋವಾಗ ಡಾಕ್ಟರು ಕೊಟ್ಟ ಒಂದು ಚಮಚ ಬ್ರಾಂದಿನೂ ಉಗುಳಿದರು."

ಮಿಸ್ ವಿನಿಫ್ರೆಡ್ ಆರ್ಗನ್ನಿನ ಮುಚ್ಚಳ ಹಾಕಿ, ಬೀಗ ತಿರುಗಿಸಿ, ಬೀಗದ ಕೈಯನ್ನು ಕೈಚೀಲದಲ್ಲಿಟ್ಟುಕೊಂಡರು. "ನಾಳೆ ಕುಡುಕನ ಮೊಮ್ಮಗಳು ನುಡಿಸೋದು ಬೇಡ. ನಾರ್ಮನ್‌ಗೆ ಹಾರ್ನ್ ಬಾರಿಸೋದು ಗೊತ್ತಲ್ಲ, ಅದಕ್ಕೇ ಹಾಡ್ಕೊಳ್ಳಿ."

ಅವರು ಮಂಜಿನಲ್ಲಿ ಮರೆಯಾದ ಮೇಲೆ ಬೆರಿಲ್ ನಿಟ್ಟುಸಿರು ಬಿಟ್ಟಳು. "ಎಂಥ ಮಾತಾಡ್ಬಿಟ್ಟೆ ನಾರ್ಮನ್! ಸತ್ತೋರ ಮೇಲೆ!"

"ನೀನೂ ಕೈ ನಡುಗಿದೆ ಅಂದೆಯಲ್ಲೇ!"

"ಕೈ ಚಳಿಗೂ ನಡುಗುತ್ತಪ್ಪ. ನಾನು ಚಳಿ ಅಂದಿದ್ದು."

"ನಾನು ಕಾಲು ಜಾರಿ ಬಿದ್ದ ಅಂದಿದ್ದು," ಎಂದು ಕ್ಲೆಮ್ ಸೇರಿಸಿದ.

ಸುದ್ದಿ ಮುಟ್ಟಿ ಪಾದ್ರಿ ಹಂಫ್ರಿಯವರು ಓಡಿಬಂದರು. ಆರ್ಗನ್ ಇಲ್ಲದ ವಾರ್ಷಿಕ ಪ್ರಾರ್ಥನೆಯನ್ನು ನೆನೆದು ಅವರ ಮುಖ ಸಪ್ಪೆಯಾಗಿತ್ತು. "ಹೋಗಿ ತಪ್ಪಾಯ್ತು ಅಂತ ಒಂದು ಮಾತು ಹೇಳಿ ಬಾರಪ್ಪ ನಾರ್ಮನ್. ಒಂದೇ ಮಾತು."

ಬಸ್ಸು ಓಡಿಸುವವರಲ್ಲಿ ಒಂದು ಗುಣವಿರುತ್ತದೆ. ಕಿರಿದಾದ ದಾರಿಯಲ್ಲಿ ಎದುರಿಗೆ ಗಾಡಿ ಬಂದರೆ ಹಿಂದೆ ಸರಿಯುವುದು ಅವರಿಗೆ ಬಾರದು. ತಾನು ಅಂದದ್ದು ತಪ್ಪಿರಬಹುದು ಎಂದು ನಾರ್ಮನ್ನನಿಗೆ ಆಗಲೇ ಅನ್ನಿಸಿತ್ತು. ಹಾಗೆ ಅನ್ನಿಸಿದ್ದರಿಂದಲೇ ಅವನ ದನಿ ಏರಿತು. "ನಿಜ ಹೇಳಿದ್ದಕ್ಕೆ ತಪ್ಪಾಯ್ತು ಅನ್ನೋದು ಹೇಗೆ ಪಾದ್ರಿಗಳೇ? ಲೈಬ್ರರಿಗೆ ಹೋಗ್ತೀನಿ. ಆ ಪುಸ್ತಕದಲ್ಲಿ ಎಷ್ಟು ಮಸಿ ಇದೆ ಅಂತ ಒಂದೊಂದೇ ಎಣಿಸ್ಕೊಂಡು ಬರ್ತೀನಿ. ಆಮೇಲೆ ಹೇಳಿ, ಕುಡಿದಿದ್ನೋ ಇಲ್ವೋ ಅಂತ!"

*

ಹನ್ನೊಂದರ ಬಸ್ಸಿಗೆ ಅವನು ಸೇತುವೆಯ ಹತ್ತಿರ ಓಡಿ ಬಂದಾಗ ಹನ್ನೊಂದು ದಾಟಿ ಅರ್ಧ ನಿಮಿಷ. ಬಸ್ಸು ಹೊರಡುತ್ತಿತ್ತು. ಕೈ ಬೀಸಿದ, ಟೋಪಿ ಬೀಸಿದ. ಹೊಸ ಡ್ರೈವರು ಕನ್ನಡಿಯಲ್ಲಿ ನೋಡಿ, ಗೌರವದಿಂದ ತಲೆ ಬಾಗಿಸಿ, ಹೊರಟೇ ಹೋದ. ಅವನನ್ನು ತರಬೇತು ಮಾಡಿದವನು ನಾರ್ಮನ್ನನೇ. "ಹನ್ನೊಂದು ಅಂದ್ರೆ ಹನ್ನೊಂದು. ನಿಮ್ಮಪ್ಪ ಓಡಿ ಬಂದ್ರೂ ನಿಲ್ಲಿಸಬೇಡ," ಎಂದು ಕಲಿಸಿದ್ದ. ಕಲಿಸಿದ್ದು ಚೆನ್ನಾಗಿ ನಾಟಿತ್ತು.

ಲೈಬ್ರರಿ ಶನಿವಾರ ಒಂದು ಗಂಟೆಗೆ ಮುಚ್ಚುತ್ತದೆ. ಪೇಟೆಗೆ ಮಾಂಸ ಕೊಡಲು ಹೊರಟಿದ್ದ ಕ್ಲೆಮ್‌ನ ವ್ಯಾನಿನ ಮುಂದಿನ ಸೀಟಿನಲ್ಲಿ ಅರ್ಧ ಹಂದಿ ಕೂತಿತ್ತು. ಹಿಂದೆ ಜಾಗ ಸಿಕ್ಕಿತು. ಸಾಸೇಜಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ನಾರ್ಮನ್ ಹದಿನಾಲ್ಕು ತಿರುವುಗಳಲ್ಲೂ ಹಿಂದಿನಿಂದ ಕೂಗುತ್ತ ಹೋದ.

"ಎರಡನೇ ಗೇರಿಗೆ ಹಾಕೋ! ಬಲಕ್ಕೆ, ಬಲಕ್ಕೆ! ಅಲ್ಲಿ ಗೋಡೆ ಇದೆ!"

"ಗೋಡೆ ಮೂವತ್ತು ವರ್ಷದಿಂದ ಅಲ್ಲೇ ಇದೆ ಮಾರಾಯ. ಬಾಯಿ ಮುಚ್ಕೊಂಡು ಸಾಸೇಜ್ ಹಿಡ್ಕೊ!"

ಲೈಬ್ರರಿಯ ಆಡ್ರಿ ಫಿಲ್ಮು ಸುರುಳಿಯನ್ನು ಯಂತ್ರಕ್ಕೆ ಹಾಕಿಕೊಟ್ಟು, ಅವನ ಕೋಟಿನ ವಾಸನೆಗೆ ಒಂದು ಮಾರು ದೂರ ನಿಂತಳು. ನಾರ್ಮನ್ ಪೆನ್ಸಿಲ್ಲು ಚೂಪು ಮಾಡಿಕೊಂಡು ಕೂತ. ಇಪ್ಪತ್ತೆರಡು ಪುಟ, ಐನೂರ ಮೂವತ್ತು ಜನ. ಕುಡುಕನ ಒಂದು ಹನಿಯೂ ತಪ್ಪಿಸಿಕೊಳ್ಳಬಾರದು ಎಂದು ಒಂದೊಂದೇ ಸಾಲು ಬೆರಳಿಟ್ಟು ಇಳಿದ.

ಮೂರನೇ ಪುಟದಲ್ಲಿ ಒಂದು ಮಸಿ. ಐದರಲ್ಲಿ ಎರಡು. ಅವನಿಗೆ ಖುಷಿಯಾಯಿತು. ಎಂಟರಲ್ಲಿ ಒಂದು. ಒಂಬತ್ತನೇ ಪುಟದಲ್ಲಿ ಹ್ಯಾನಾ. ಕೊನೆಯ ಪುಟ ಮುಗಿದಾಗ ಒಟ್ಟು ಹನ್ನೊಂದು. ಕಾಗದದ ಮೇಲೆ ಹನ್ನೊಂದು ಹೆಸರನ್ನೂ ಒಂದರ ಕೆಳಗೊಂದು ಬರೆದುಕೊಂಡಿದ್ದ. ಗೆದ್ದೆ ಎಂದುಕೊಂಡು ಮೇಲಿನಿಂದ ಓದಿದ.

ಇನ್ನೊಮ್ಮೆ ಓದಿದ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ.

ಹನ್ನೊಂದೂ ಹೆಂಗಸರ ಹೆಸರು. ಎಂಟು ಜನ ವಿಧವೆಯರು. ಮೂವರು ಗಂಡ ಬಿಟ್ಟುಹೋದವರು. ಯಾರಿಗೂ ಒಂದು ಕಸುಬಿಲ್ಲ. ಐನೂರ ಮೂವತ್ತು ಜನರ ಹೆಸರು, ವಯಸ್ಸು, ಕೆಲಸ, ಯಾವುದರ ಮೇಲೂ ಒಂದು ಹನಿ ಬಿದ್ದಿಲ್ಲ. ಗಣಿಯ ಏಜೆಂಟು ದೂರದ ಊರಲ್ಲಿ ಹುಟ್ಟಿದವನು. ಅವನ ಊರು ಅಚ್ಚುಹಾಕಿದಂತೆ ಇದೆ. ಮಸಿ ಬಿದ್ದದ್ದೆಲ್ಲ ಕೊನೆಯ ಕಲಮಿನಲ್ಲಿ, ಈ ಹನ್ನೊಂದು ಜನರ ಹುಟ್ಟಿದೂರಿನ ಮೇಲೆ ಮಾತ್ರ.

ನಾರ್ಮನ್ ಡ್ರೈವರಾಗಿ ಯೋಚಿಸಿದ. ಕುಡಿದು ಗಾಡಿ ಓಡಿಸುವವನು ಸಿಕ್ಕಿದ್ದಕ್ಕೆಲ್ಲ ಗುದ್ದುತ್ತಾನೆ. ಆರಿಸಿ ಆರಿಸಿ ವಿಧವೆಯರ ಬಾಗಿಲಿಗೇ ಗುದ್ದುವುದಿಲ್ಲ.

"ಆಡ್ರಿ," ಎಂದ. "ಈ ಪುಸ್ತಕ ಬರೆದಾದ ಮೇಲೆ ಮೇಷ್ಟ್ರು ಯಾರ ಕೈಗೆ ಕೊಡ್ತಿದ್ರು?"

"ಕಣಿವೆಯ ರಿಜಿಸ್ಟ್ರಾರ್‌ಗೆ. ಅವನು ನೋಡಿ ಸಹಿ ಹಾಕಿ ಮೇಲಕ್ಕೆ ಕಳಿಸ್ಬೇಕು." ಅವಳು ಬಗ್ಗಿ ಕೊನೆಯ ಪುಟದ ಸಹಿ ನೋಡಿದಳು. "ಓ, ಇವನಾ! ಇವನೇ ಬಡವರ ಪರಿಹಾರದ ಅಧಿಕಾರಿನೂ ಆಗಿದ್ದ. ಹೊರಗಿನಿಂದ ಬಂದ ದಿಕ್ಕಿಲ್ಲದವರು ಐದು ವರ್ಷ ಇಲ್ಲಿ ಇದ್ದಿರದಿದ್ರೆ ಅವರನ್ನ ಅವರವರ ಊರಿಗೆ ವಾಪಸ್ ಕಳಿಸೋದು ಇವನ ಕೆಲಸ. ಗಾಡಿಲಿ ಹಾಕಿ ಕಳಿಸ್ಬಿಡ್ತಿದ್ದ. ಅಲ್ಲಿ ಅವರ ಪಾಲಿಗೆ ಜೈಲಿನಂಥ ಬಡವರ ಛತ್ರ. ತಾಯಿ ಒಂದು ಕಡೆ, ಮಗು ಒಂದು ಕಡೆ. ಕಳಿಸೋಕೆ ಅವನಿಗೆ ಒಂದೇ ಒಂದು ಬೇಕಾಗಿತ್ತು."

"ಏನು?"

"ಹುಟ್ಟಿದ ಊರು."

ಗಡಿಯಾರ ಒಂದು ಹೊಡೆಯಿತು. ಆಡ್ರಿ ದೀಪ ಆರಿಸಿದಳು. ನಾರ್ಮನ್ ಯಂತ್ರದ ಮುಂದೆ ಟೋಪಿ ತೆಗೆದು ಕೂತೇ ಇದ್ದ, ಚಾಪೆಲ್ಲಿನಲ್ಲಿ ಕೂತ ಹಾಗೆ.

*

ಮೂರು ಗಂಟೆಗೆ ಅವನು ಮಿಸ್ ವಿನಿಫ್ರೆಡ್‌ರ ಬಾಗಿಲು ತಟ್ಟಿದ. ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು.

"ಮಸಿ ಎಣಿಸೋಕೆ ಹೋಗಿದ್ದೆಯಂತೆ. ಎಣಿಸಿದ್ಯಾ?"

"ಎಣಿಸ್ದೆ ಮಿಸ್. ಹನ್ನೊಂದು."

"ಹನ್ನೊಂದು ಗ್ಲಾಸೋ?"

"ಹನ್ನೊಂದು ಜನ ಹೆಂಗಸರು," ಎಂದ ನಾರ್ಮನ್.

ಮಿಸ್ ವಿನಿಫ್ರೆಡ್‌ರ ಮುಖ ಸುಣ್ಣವಾಯಿತು. ಅವರು ಬೀದಿಯ ಆಚೀಚೆ ನೋಡಿ ಅವನ ತೋಳು ಹಿಡಿದು ಒಳಗೆಳೆದುಕೊಂಡು ಬಾಗಿಲು ಹಾಕಿದರು. "ಅದು ನಿನಗೆ ಹೇಗೆ ಗೊತ್ತಾಯ್ತು?"

ನಾರ್ಮನ್ನನಿಗೆ ಅರ್ಥವಾಗಲಿಲ್ಲ. ಗೊತ್ತಿದ್ದದ್ದನ್ನು ಹೇಳಿದ. ಕೊನೆಯ ಕಲಮು, ರಿಜಿಸ್ಟ್ರಾರು, ಗಾಡಿ, ಛತ್ರ. ಹೇಳುತ್ತ ಹೋದಂತೆ ಮಿಸ್ ವಿನಿಫ್ರೆಡ್ ಹಿಂದಕ್ಕೆ ಕೈ ಚಾಚಿ ಕುರ್ಚಿ ಹುಡುಕಿಕೊಂಡು ಕೂತರು. ಬೆಂಕಿಗೂಡಿನ ಕಡೆ ನೋಡಿದರು.

"ಮುಂದಿನ ಗಣತಿಗೆ ಅಜ್ಜನ್ನ ಕರೀಲಿಲ್ಲ," ಎಂದರು. "‘ಕೊಳಕು ಕೈ’ ಅಂತ ಆ ರಿಜಿಸ್ಟ್ರಾರ್ ಬರೆದ ಕಾಗದ ನಮ್ಮಲ್ಲಿತ್ತು. ಶಾಲೆಲಿ ಅಷ್ಟು ಚೆಂದ ಬರೆಯೋರು, ಯಾಕೆ ಹಾಗಾಯ್ತು ಅಂದ್ರೆ ಅಜ್ಜಿಗೂ ಹೇಳಲಿಲ್ಲ. ಹೇಳಿದ್ರೆ ಅಜ್ಜಿ ಅವರ ತಂಗಿಗೆ ಹೇಳೋರು, ತಂಗಿ ಊರಿಗೆ ಹೇಳೋರು. ನಂಗೆ ಏಳು ವರ್ಷ ಇದ್ದಾಗ, ಅಜ್ಜ ಹೋಗಿ ಎಷ್ಟೋ ಕಾಲವಾಗಿತ್ತು, ಗೋಡೆ ಗಡಿಯಾರ ರಿಪೇರಿಗೆ ಇಳಿಸಿದ್ರು. ಹಿಂದೆ ಒಂದು ಸಣ್ಣ ಪುಸ್ತಕ ಸಿಕ್ತು. ಅಜ್ಜನ ಅಕ್ಷರ."

"ಏನಿತ್ತು ಅದರಲ್ಲಿ?"

"ಹನ್ನೊಂದು ಹೆಂಗಸರ ಹೆಸರು. ಒಬ್ಬೊಬ್ಬರ ಎದುರಿಗೆ ಒಂದೊಂದು ಊರು."

ನಾರ್ಮನ್ ಒಂದು ಹೆಜ್ಜೆ ಮುಂದೆ ಬಂದ. "ಅದರಲ್ಲಿ ಹ್ಯಾನಾ..."

"ಅಜ್ಜಿ ಓದಿದ್ರು," ಮಿಸ್ ವಿನಿಫ್ರೆಡ್ ಮುಂದುವರಿಸಿದರು. "ಚಾಪೆಲ್ಲಿನಲ್ಲಿ ಮೊದಲ ಸಾಲಲ್ಲಿ ಕೂರೋ ಹೆಂಗಸು. ಹನ್ನೊಂದು ಹೆಂಗಸರು, ಹನ್ನೊಂದು ಊರು! ‘ನಲವತ್ತು ವರ್ಷ ಬಾಳಿದೆನಲ್ಲ ಈ ಮನುಷ್ಯನ ಜೊತೆ!’ ಅಂದ್ರು. ಪ್ರವಚನ ಮಾಡೋಕೆ ಅಂತ ಅಜ್ಜ ಶನಿವಾರ ಶನಿವಾರ ಊರೂರಿಗೆ ಹೋಗ್ತಿದ್ರಲ್ಲ, ಅಜ್ಜಿ ಅದಕ್ಕೂ ಇದಕ್ಕೂ ಗಂಟು ಹಾಕಿದ್ರು. ಪುಸ್ತಕ ತಗೊಂಡು ಹೋಗಿ..." ಅವರು ಬೆಂಕಿಗೂಡಿನ ಕಡೆ ಕೈ ತೋರಿಸಿದರು.

"ಇಲ್ಲ," ಎಂದ ನಾರ್ಮನ್.

"ಅಲ್ಲೇ. ಇದೇ ಗೂಡಲ್ಲಿ."

"ಮಿಸ್, ನೀವು ಪಕ್ಕದಲ್ಲಿದ್ರಲ್ಲ. ಹ್ಯಾನಾ ಹೆಸರಿತ್ತಾ?"

"ಐದನೇ ಸಾಲು. ಹ್ಯಾನಾ ಟ್ವೆಡಲ್. ಚೆನ್ನಾಗಿ ನೆನಪಿದೆ. ಎಡ್ನಾನ ಕಂಡಾಗೆಲ್ಲ ನಂಗೆ ನಾಚಿಕೆ ಆಗ್ತಿತ್ತು."

"ಅವಳ ಎದುರಿಗಿದ್ದ ಊರು?"

ಮಿಸ್ ವಿನಿಫ್ರೆಡ್ ಕಣ್ಣು ಮುಚ್ಚಿಕೊಂಡರು. ಗಡಿಯಾರ ಟಿಕ್ಕೆನ್ನುತ್ತಿತ್ತು. ಅವರ ತುಟಿ ಅಲುಗಿತು. ನಿಂತಿತು.

"ಬೆಂಕಿ ನೀಲಿಯಾಗಿ ಉರೀತು," ಎಂದರು. "ನಂಗೆ ನೆನಪಿರೋದು ಅಷ್ಟೇ ಮಗು."

ನಾರ್ಮನ್ ಕೂತ. ಮಸಿ ಹಾಕಿ ಮುಚ್ಚಿದವನು ಊರಿನ ಹೆಸರನ್ನು ಗಡಿಯಾರದ ಹಿಂದೆ ಜೋಪಾನವಾಗಿ ಎತ್ತಿಟ್ಟಿದ್ದ. ಮಾನಕ್ಕೆ ಅಂಜಿದವಳು ಸುಟ್ಟುಹಾಕಿದ್ದಳು.

ಮಿಸ್ ವಿನಿಫ್ರೆಡ್‌ರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾರ್ಮನ್ ಗಾಬರಿಯಿಂದ ನೋಡಿದ. ನಗುತ್ತಿದ್ದರು, ಕಣ್ಣೀರೂ ಇಳಿಯುತ್ತಿತ್ತು. "ಎಪ್ಪತ್ತೈದು ವರ್ಷ ಕಣೋ ನಾರ್ಮನ್. ದಿನಾ ರಾತ್ರಿ ಮಂಡಿಯೂರಿ, ‘ದೇವರೇ, ನಮ್ಮಜ್ಜನ ಹನ್ನೊಂದು ಪಾಪ ಕ್ಷಮಿಸಪ್ಪ’ ಅಂತ ಬೇಡ್ಕೊಂಡಿದೀನಿ. ದೇವರು ಅಲ್ಲಿ ಅಜ್ಜನ್ನ ಪಕ್ಕದಲ್ಲೇ ಕೂರಿಸ್ಕೊಂಡು ಕೇಳಿಸ್ಕೊಳ್ತಿದ್ದನೋ ಏನೋ!"

*

ಐದು ಗಂಟೆ. ಎಡ್ನಾ ಟೀ ಮಾಡಿಟ್ಟು, ಒಳ್ಳೆಯ ಕಪ್ಪುಗಳನ್ನೇ ಇಟ್ಟು ಕಾಯುತ್ತಿದ್ದಳು. ಮಂಜು ಇನ್ನೂ ಎದ್ದಿರಲಿಲ್ಲ. ನಾರ್ಮನ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಎದುರಿಗೆ ಕೂರದೆ ನಿಂತೇ ಎಲ್ಲ ಹೇಳಿದ. ಮಾತು ಉಳಿಸಿಕೊಳ್ಳಲಾಗಲಿಲ್ಲ ಎಂದೂ ಕೊನೆಗೆ ಹೇಳಿದ.

ಎಡ್ನಾ ಬಾಗಿಲಿನ ಕಡೆ ನೋಡಿದಳು.

"ಅದಕ್ಕೇ ಅಜ್ಜಿ ಅಗಳಿ ಹಾಕಿದ್ದು," ಎಂದಳು ಮೆಲ್ಲಗೆ. "ಐವತ್ತು ವರ್ಷವಾದ ಮೇಲೂ, ಎಲ್ಲಿ ಗಾಡಿ ಬರುತ್ತೋ ಅಂತ."

"ಹೂಂ ಅಮ್ಮ."

"ಅಯ್ಯೋ ದಡ್ಡ ಮಗನೇ," ಎಂದಳು ಅವಳು. "ನಮ್ಮನ್ನ ಯಾರೂ ವಾಪಸ್ ಕಳಿಸಬಾರದು ಅಂತ ಆ ಪುಣ್ಯಾತ್ಮ ತನ್ನ ಹೆಸರು ಕೆಡಿಸ್ಕೊಂಡು ಮುಚ್ಚಿಟ್ಟ. ನೀನು ಬೆಳಗಿನಿಂದ ಅದನ್ನ ಕೆರೆದು ಕೆರೆದು, ನಮ್ಮನ್ನ ವಾಪಸ್ ಕಳಿಸೋಕೆ ಒದ್ದಾಡ್ತಿದೀಯಲ್ಲೋ!"

ಅವಳು ಅವನ ಕಪ್ಪಿಗೆ ಟೀ ಬಗ್ಗಿಸಿ, ಮೂಗು ಮುಚ್ಚಿಕೊಂಡಳು. "ಮೊದಲು ಆ ಕೋಟು ಹೊರಗೆ ಹಾಕಿ ಬಾ. ಸಾಸೇಜ್ ವಾಸನೆ."

ಭಾನುವಾರ ಚಾಪೆಲ್ ತುಂಬಿತ್ತು. ಆರ್ಗನ್ನಿನ ಮುಚ್ಚಳ ತೆರೆದಿತ್ತು. ಸುದ್ದಿ ಊರನ್ನು ಮೂರು ಸುತ್ತು ಹಾಕಿ ಬಂದಿದ್ದರಿಂದ, ಹಿಂದಿನ ದಿನ ಮೇಷ್ಟ್ರನ್ನು ಕುಡುಕ ಮಾಡಿದವರೆಲ್ಲ ಈಗ ಅವರ ಮಸಿಯ ಪ್ರಸಾದಕ್ಕೆ ಮುಗಿಬಿದ್ದಿದ್ದರು. ತನ್ನ ಗಂಡನ ಮುತ್ತಜ್ಜಿಯ ಸಾಲಿನಲ್ಲೂ ಒಂದು ಸಣ್ಣ ಚುಕ್ಕೆ ಇದ್ದೇ ಇದೆ ಎಂದು ಬೆರಿಲ್ ಸಾಧಿಸುತ್ತಿದ್ದಳು. "ನಮ್ಮನೇರ ಸಾಲೆಲ್ಲ ಸೋಪು ಹಾಕಿ ತೊಳೆದಂಗಿದೆಯಂತೆ," ಎಂದು ಕ್ಲೆಮ್ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. "ಒಂದು ಹನಿ ಬಿದ್ದಿದ್ರೆ ಅವನ ಗಂಟೇನು ಹೋಗ್ತಿತ್ತು?"

ಮನೆತನಗಳು ಒಂದೊಂದಾಗಿ ಎದ್ದು ಹೇಳಿ ಕೂತವು. ಎಡ್ನಾಳ ಸರದಿ ಬಂತು. ಅವಳು ಮುಂದಿನ ಬೆಂಚು ಹಿಡಿದು ಎದ್ದು ನಿಂತಳು. ಯಾರೂ ಕೆಮ್ಮಲಿಲ್ಲ.

"ಟ್ವೆಡಲ್," ಎಂದಳು. ಉಸಿರು ತೆಗೆದುಕೊಂಡಳು. "ಥಾರ್ನ್‌ಗಿಲ್."

ಹೇಳಿ ಕೂತಳು.

ಪ್ರಾರ್ಥನೆ ಮುಗಿದು ಜನ ಟೀಗೆ ಹೊರಟರು. ಮಿಸ್ ವಿನಿಫ್ರೆಡ್ ಇನ್ನೂ ಆರ್ಗನ್ನಿನ ಮುಂದೆಯೇ ಕೂತಿದ್ದರು. ನಾರ್ಮನ್ ಹತ್ತಿರ ಹೋಗಿ, ಕೋಟಿನ ಒಳಜೇಬಿನಿಂದ ಒಂದು ಹಾಳೆ ತೆಗೆದ. ಶನಿವಾರ ಸಂಜೆ ತಾಯಿಯ ಎದುರು ಕೂತು, ಶಾಲೆಯ ಹುಡುಗನಂತೆ ನಾಲಿಗೆ ಕಚ್ಚಿಕೊಂಡು, ತನಗೆ ಬರುವ ಅತಿ ಒಳ್ಳೆಯ ಅಕ್ಷರದಲ್ಲಿ ಬರೆದದ್ದು. ಮೇಲೆ ಐಸಾಕ್ ಫೆದರ್‌ಸ್ಟನ್ ಎಂದಿತ್ತು. ಕೆಳಗೆ ಹನ್ನೊಂದು ಹೆಸರು, ಗಡಿಯಾರದ ಹಿಂದಿನ ಪುಸ್ತಕದಲ್ಲಿ ಇದ್ದ ಹಾಗೆ. ಎದುರಿಗೆ ಊರಿನ ಜಾಗವನ್ನು ಖಾಲಿ ಬಿಟ್ಟಿದ್ದ.

"ಇದು ನಿಮ್ಮ ಮನೇದು ಮಿಸ್," ಎಂದ.

ಅವರು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಐದನೇ ಸಾಲಿನಲ್ಲಿ ಬೆರಳು ಒಂದು ಗಳಿಗೆ ನಿಂತು ಮುಂದೆ ಹೋಯಿತು. ಆಮೇಲೆ ಹಾಳೆಯನ್ನು ಎರಡಾಗಿ ಮಡಿಚಿ, ತಮ್ಮ ಬೈಬಲಿನೊಳಗೆ ಇಟ್ಟುಕೊಂಡರು.